ಉಯಿಲಿನಲ್ಲಿ ಬರೆಯದ ಗಳಿಕೆ: ವಿಮಾನದ ಮೈಲ್ಸ್, ಕಾರ್ಡಿನ ಪಾಯಿಂಟ್ ಮತ್ತು ವಾರಸುದಾರರು

(ಹಿರಿಯ ನಾಗರಿಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಅವರ ಜೊತೆಗೆ ಬಂದಿರುವ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಉಯಿಲು ಬರೆಯಬೇಕೆಂದು ಕುಳಿತವರು ಮೊದಲು ಮನೆ, ನಿವೇಶನ, ಊರಿನ ಜಮೀನು, ಬ್ಯಾಂಕಿನ ಠೇವಣಿ, ಒಡವೆ ಇವುಗಳನ್ನು ಪಟ್ಟಿ ಮಾಡುತ್ತಾರೆ. ಇನ್ನೂ ಸ್ವಲ್ಪ ಯೋಚಿಸಿದವರು ಮ್ಯೂಚುವಲ್ ಫಂಡ್, ಡಿಮ್ಯಾಟ್ ಖಾತೆ, ಲಾಕರ್‌ಗಳನ್ನು ಸೇರಿಸುತ್ತಾರೆ. ಅಲ್ಲಿಗೆ ಪಟ್ಟಿ ಮುಗಿಯಿತೆಂದು ಭಾವಿಸುತ್ತಾರೆ. ನಾನು ಇಂದು ಮಾತನಾಡಲಿರುವುದು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಿಸದ ಒಂದು ಬಾಬತ್ತಿನ ಬಗ್ಗೆ: ವಿಮಾನ ಕಂಪನಿಗಳು ಕೊಡುವ ಮೈಲ್ಸ್, ಹೋಟೆಲ್ ಸರಪಳಿಗಳು ಕೊಡುವ ಪಾಯಿಂಟ್, ಕ್ರೆಡಿಟ್ ಕಾರ್ಡಿಗೆ ತಿಂಗಳು ತಿಂಗಳೂ ಜಮೆಯಾಗುವ ರಿವಾರ್ಡ್ ಪಾಯಿಂಟ್. ಹಾರಾಟಕ್ಕೋ ಖರ್ಚಿಗೋ ಪ್ರತಿಯಾಗಿ ಜಮೆಯಾಗುವ, ಮುಂದೆ ಟಿಕೆಟಿಗೋ ಬಿಲ್ಲಿಗೋ ಬಳಸಬಹುದಾದ ಅಂಕಗಳಿವು. ಇವು ಗಳಿಕೆ ಎಂದು ಗಳಿಸಿದವರಿಗೇ ಅನ್ನಿಸಿರುವುದಿಲ್ಲ. ಹಾಗಾಗಿ ಅವರು ತೀರಿಕೊಂಡ ಮೇಲೆ ಮನೆಯವರಿಗೆ ಅದರ ಸುಳಿವೂ ಸಿಗುವುದಿಲ್ಲ.

ಮುಖ್ಯವಾಗಿ ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪಾಯಿಂಟ್‌ಗಳು ಯಾರ ಪಾಲಾಗುತ್ತವೆ ಎಂಬುದು ಬಹುಮಟ್ಟಿಗೆ ನಿಮ್ಮ ಉಯಿಲಿನಿಂದ ತೀರ್ಮಾನವಾಗುವುದಿಲ್ಲ. ಆಯಾ ಕಂಪನಿ ಬರೆದಿಟ್ಟಿರುವ ಷರತ್ತುಗಳಿಂದ ತೀರ್ಮಾನವಾಗುತ್ತದೆ. ಆದ್ದರಿಂದ ಇವುಗಳ ಮಟ್ಟಿಗೆ ಆಸ್ತಿ ಹಂಚಿಕೆಯ ಕೆಲಸವೆಂದರೆ ನಾವು ಬದುಕಿರುವಾಗಲೇ ಮಾಡಿ ಮುಗಿಸಬೇಕಾದ ಕೆಲಸ. ಉಯಿಲಿಗೆ ಉಳಿಯುವ ಪಾತ್ರ ಚಿಕ್ಕದು, ಆದರೆ ಬೇಡವೆನ್ನುವಂಥದ್ದಲ್ಲ.

ಇದು ಶ್ರೀಮಂತರ ವಿಷಯ ಎಂದು ಯಾರೂ ಭಾವಿಸಬೇಕಾಗಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದು ವರ್ಷವರ್ಷವೂ ಅಮೆರಿಕ, ಯೂರೋಪುಗಳಿಗೆ ಹೋಗಿಬಂದ ಒಂದು ತಲೆಮಾರೇ ಈಗ ನಿವೃತ್ತಿಯ ಹತ್ತಿರ ಬಂದಿದೆ. ಟಿಕೆಟ್ಟಿನ ಹಣ ಕಂಪನಿಯದಾದರೂ ಮೈಲ್ಸ್ ಜಮೆಯಾದದ್ದು ಪ್ರಯಾಣ ಮಾಡಿದವರ ಹೆಸರಿಗೆ. ಮಗಳ ಬಾಣಂತನಕ್ಕೆಂದು, ಮೊಮ್ಮಗುವನ್ನು ನೋಡಿಕೊಳ್ಳಲೆಂದು ಸ್ಯಾನ್‌ಫ್ರಾನ್ಸಿಸ್ಕೋಗೋ ಡಲ್ಲಾಸಿಗೋ ಎರಡು ಮೂರು ಸಲ ಹೋಗಿಬಂದ ತಂದೆತಾಯಿಯರ ಹೆಸರಿನಲ್ಲೂ ಒಂದೊಂದು ಖಾತೆ ಇರುತ್ತದೆ. ಮಗ ಟಿಕೆಟ್ ಮಾಡಿಸುವಾಗ ತೆರೆದದ್ದು, ಆಮೇಲೆ ಯಾರೂ ಇಣುಕಿ ನೋಡದ್ದು. ವಿಮಾನವನ್ನೇ ಹತ್ತದವರ ಬಳಿಯೂ ದಿನಸಿ, ವಿದ್ಯುತ್ ಬಿಲ್, ಆಸ್ಪತ್ರೆಯ ಖರ್ಚುಗಳಿಗೆ ಬಳಸುವ ಕ್ರೆಡಿಟ್ ಕಾರ್ಡ್ ಇರುತ್ತದೆ.

ಕಾರ್ಡಿನ ಮಾಸಿಕ ಸ್ಟೇಟ್‌ಮೆಂಟನ್ನು ಒಮ್ಮೆ ಮುಂದಿಟ್ಟುಕೊಂಡು ಪೂರ್ತಿ ಓದಿ. ಮೇಲ್ಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ಕಟ್ಟಬೇಕಾದ ಒಟ್ಟು ಮೊತ್ತ, ಕನಿಷ್ಠ ಮೊತ್ತ, ಕೊನೆಯ ದಿನಾಂಕ ಇರುತ್ತವೆ. ನಮ್ಮ ಕಣ್ಣು ಅಲ್ಲಿಗೇ ನಿಲ್ಲುತ್ತದೆ. ಅದರ ಕೆಳಗೋ ಮುಂದಿನ ಪುಟದಲ್ಲೋ ಇರುವ ಸಣ್ಣ ಚೌಕದಲ್ಲಿ ಪಾಯಿಂಟ್‌ಗಳ ಲೆಕ್ಕವಿರುತ್ತದೆ: ಆರಂಭದ ಶಿಲ್ಕು, ಈ ತಿಂಗಳು ಬಂದದ್ದು, ಬಳಸಿದ್ದು, ಅವಧಿ ಮೀರಿ ರದ್ದಾದದ್ದು, ಮುಕ್ತಾಯದ ಶಿಲ್ಕು. ಕೆಲವು ಬ್ಯಾಂಕುಗಳು ಮುಂದಿನ ಒಂದೆರಡು ತಿಂಗಳಲ್ಲಿ ಎಷ್ಟು ಪಾಯಿಂಟ್ ರದ್ದಾಗಲಿದೆ ಎಂಬುದನ್ನೂ ಅಲ್ಲೇ ಹೇಳುತ್ತವೆ. ಆ ಶಿಲ್ಕಿನ ಬೆಲೆ ಒಂದೇ ಆಗಿರುವುದಿಲ್ಲ. ಉದಾಹರಣೆಗೆ 1,80,000 ಪಾಯಿಂಟ್ ಇದೆ ಎಂದಿಟ್ಟುಕೊಳ್ಳಿ. ಬಿಲ್ಲಿನ ಬಾಕಿಗೆ ವಜಾ ಮಾಡಿಸಿಕೊಂಡರೆ ಪಾಯಿಂಟಿಗೆ 30 ಪೈಸೆ ಸಿಗುವ ಕಾರ್ಡಿನಲ್ಲಿ ಅದು 54,000 ರೂಪಾಯಿ. ಅದೇ ಕಾರ್ಡು ಪ್ರಯಾಣದ ಟಿಕೆಟಿಗೆ ಪಾಯಿಂಟಿಗೆ 1 ರೂಪಾಯಿ ಕೊಡುವುದಾದರೆ ಅದು 1,80,000 ರೂಪಾಯಿ. ಇಷ್ಟು ಹಣ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿದ್ದರೆ ಅದನ್ನು ಯಾರಿಗೂ ಹೇಳದೆ ಬಿಟ್ಟುಹೋಗಲು ನಮ್ಮಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ.

ಈಗ ಕಾನೂನಿನ ಕಡೆಗೆ ಬರೋಣ. ವಿಮಾನ ಪ್ರಯಾಣಕ್ಕೆ ಮೈಲ್ಸ್ ಕೊಡುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 1981ರಲ್ಲಿ, ಅಮೆರಿಕನ್ ಏರ್‌ಲೈನ್ಸ್ ತನ್ನ ಅಡ್ವಾಂಟೇಜ್ ಯೋಜನೆಯನ್ನು ಆರಂಭಿಸಿದಾಗ. ಗಿರಾಕಿಗಳು ಬೇರೆ ಕಂಪನಿಗೆ ಹೋಗದಂತೆ ಹಿಡಿದಿಡುವುದು ಅದರ ಉದ್ದೇಶವಾಗಿತ್ತು. ಗಿರಾಕಿಗೆ ಒಂದು ಆಸ್ತಿಯನ್ನು ಕೊಡುವುದಾಗಿರಲಿಲ್ಲ. ಅಂದಿನಿಂದ ಇಂದಿನವರೆಗೆ ಇಂಥ ಬಹುತೇಕ ಎಲ್ಲ ಯೋಜನೆಗಳ ಷರತ್ತುಗಳಲ್ಲೂ ಒಂದು ವಾಕ್ಯ ಬೇರೆ ಬೇರೆ ಮಾತುಗಳಲ್ಲಿ ಬರುತ್ತದೆ: ಪಾಯಿಂಟ್‌ಗಳು ಸದಸ್ಯರ ಸ್ವತ್ತಲ್ಲ, ಅವನ್ನು ಕೊಡುವ, ಬದಲಿಸುವ, ಹಿಂಪಡೆಯುವ ಹಕ್ಕು ಕಂಪನಿಯದು. ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವವನ್ನು ನೆನೆಸಿಕೊಳ್ಳಿ. ಪುಸ್ತಕ ಪಡೆಯುವ ಹಕ್ಕು ಸದಸ್ಯರಿಗೆ ಇರುತ್ತದೆ, ಆದರೆ ಅವರು ತೀರಿಕೊಂಡರೆ ಆ ಚೀಟಿ ಮಕ್ಕಳಿಗೆ ಪಾಲಾಗಿ ಬರುವುದಿಲ್ಲ. ಪಾಯಿಂಟ್ ಕೂಡ ಅಂಥದ್ದೇ ಆದ ಒಂದು ಕರಾರಿನ ಭರವಸೆ. ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ ಪ್ರಕಾರ ಪ್ರಾಪ್ತವಯಸ್ಕರಾದ, ಸ್ವಸ್ಥಚಿತ್ತರಾದ ಯಾರು ಬೇಕಾದರೂ ತಮ್ಮ ಸ್ವತ್ತನ್ನು ಉಯಿಲಿನ ಮೂಲಕ ಕೊಡಬಹುದು. ಆದರೆ ಕೊಡಲು ಬರುವುದು ನಮ್ಮದಾದ ಸ್ವತ್ತನ್ನು ಮಾತ್ರ. ಬೇರೊಬ್ಬರಿಗೆ ವರ್ಗಾಯಿಸುವಂತಿಲ್ಲ ಎಂಬ ಷರತ್ತಿಗೆ ಒಪ್ಪಿ ಪಡೆದದ್ದನ್ನು ಉಯಿಲಿನ ಒಂದು ಸಾಲಿನಿಂದ ವರ್ಗಾಯಿಸಲು ಬರುವುದಿಲ್ಲ.

ಕಂಪನಿಗಳ ನಿಯಮಗಳು ಒಂದೇ ರೀತಿ ಇಲ್ಲ. ಅಮೆರಿಕನ್ ಏರ್‌ಲೈನ್ಸ್ ಮೈಲ್ಸ್ ಮರಣದಿಂದ ವರ್ಗಾವಣೆಯಾಗುವುದಿಲ್ಲ ಎಂದು ಹೇಳುತ್ತದೆ. ಆದರೆ ಉಯಿಲಿನಲ್ಲಿ ಸ್ಪಷ್ಟವಾಗಿ ಹೆಸರಿಸಿದವರಿಗೆ ತನ್ನ ವಿವೇಚನೆಯಂತೆ ಜಮೆ ಮಾಡಬಹುದು ಎಂಬ ಅವಕಾಶವನ್ನು ತನ್ನ ಷರತ್ತುಗಳಲ್ಲೇ ಇಟ್ಟುಕೊಂಡು ಬಂದಿದೆ. ಉಯಿಲಿನಲ್ಲಿ ಈ ವಿಷಯ ಬರೆಯುವುದು ವ್ಯರ್ಥವಲ್ಲ ಎಂದು ನಾನು ಹೇಳುವುದು ಇಂಥ ನಿಯಮಗಳನ್ನು ಓದಿಯೇ. ಅಮೆರಿಕದ್ದೇ ಆದ ಡೆಲ್ಟಾ ವಿಮಾನ ಸಂಸ್ಥೆ ಮರಣಾನಂತರದ ವರ್ಗಾವಣೆಗೆ ಇದ್ದ ಅವಕಾಶವನ್ನು 2013ರಲ್ಲಿ ತೆಗೆದುಹಾಕಿತು. ಸೌತ್‌ವೆಸ್ಟ್ ವಿಮಾನ ಸಂಸ್ಥೆ ತನ್ನ ಪಾಯಿಂಟ್‌ಗಳನ್ನು ಉಯಿಲಿನ ಮೂಲಕವಾಗಲಿ ಉತ್ತರಾಧಿಕಾರವಾಗಿಯಾಗಲಿ ವರ್ಗಾಯಿಸುವಂತಿಲ್ಲ ಎಂದೇ ಬರೆದಿದೆ. ಹೋಟೆಲ್ ಸರಪಳಿಗಳಲ್ಲಿ ಕೆಲವು ತುಸು ಉದಾರವಾಗಿವೆ, ಆದರೆ ಅಲ್ಲಿಯೂ ಕಟ್ಟುಪಾಡುಗಳುಂಟು. ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕೆಂಬುದು ಒಂದು ಕಡೆಯ ನಿಯಮವಾದರೆ, ಸಂಗಾತಿಗೆ ಅಥವಾ ಅದೇ ವಿಳಾಸದಲ್ಲಿ ವಾಸವಿದ್ದ ಒಬ್ಬರಿಗೆ ಮಾತ್ರ ಎಂಬುದು ಇನ್ನೊಂದು ಕಡೆಯದು. ಮಕ್ಕಳೆಲ್ಲ ಬೇರೆ ಊರುಗಳಲ್ಲಿರುವ ಮನೆಗೆ ಈ ಕೊನೆಯ ನಿಯಮ ಎಷ್ಟು ತೊಡಕಾದೀತೆಂದು ನೀವೇ ಊಹಿಸಬಹುದು. ನಮ್ಮ ಕ್ರೆಡಿಟ್ ಕಾರ್ಡುಗಳ ಷರತ್ತುಗಳನ್ನು ಓದಿದರೆ ಕಾರ್ಡ್ ಖಾತೆ ಮುಚ್ಚಿದೊಡನೆ ಉಳಿದ ಪಾಯಿಂಟ್‌ಗಳು ರದ್ದಾಗುತ್ತವೆ ಎಂಬ ಸಾಲು ಮತ್ತೆ ಮತ್ತೆ ಸಿಗುತ್ತದೆ.

‘ಕಂಪನಿಯ ವಿವೇಚನೆಯಂತೆ’ ಎಂಬ ಮಾತಿನ ಬಲವನ್ನು ಅಳೆಯಲು ಒಂದು ಮೊಕದ್ದಮೆಯನ್ನು ನೋಡಬೇಕು. ನಾರ್ತ್‌ವೆಸ್ಟ್ ವಿರುದ್ಧ ಗಿನ್ಸ್‌ಬರ್ಗ್ ಎಂಬ ಈ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 2014ರ ಏಪ್ರಿಲ್‌ನಲ್ಲಿ ಸರ್ವಾನುಮತದ ತೀರ್ಪು ನೀಡಿತು. ಪದೇ ಪದೇ ದೂರು ಕೊಡುತ್ತಾರೆಂಬ ಕಾರಣದಿಂದ ವಿಮಾನ ಕಂಪನಿ ಒಬ್ಬ ಸದಸ್ಯರ ಸದಸ್ಯತ್ವವನ್ನು ತೆಗೆದುಹಾಕಿತ್ತು. ಯೋಜನೆಯ ನಿಯಮ ಅದನ್ನು ಕಂಪನಿಯ ವಿವೇಚನೆಗೆ ಬಿಟ್ಟಿತ್ತು. ಕರಾರಿನಲ್ಲಿ ಅಡಗಿರುವ ಪ್ರಾಮಾಣಿಕ ನಡವಳಿಕೆಯ ಹೊಣೆಯನ್ನು ಕಂಪನಿ ಮುರಿದಿದೆ ಎಂಬ ಅವರ ವಾದವನ್ನು, ವಿಮಾನಯಾನವನ್ನು ನಿಯಂತ್ರಣಮುಕ್ತಗೊಳಿಸಿದ ಕಾಯ್ದೆಯ ಕಾರಣ ಕೊಟ್ಟು ನ್ಯಾಯಾಲಯ ಒಪ್ಪಲಿಲ್ಲ. ಇದು ನಮ್ಮ ದೇಶದ ಕಾನೂನಲ್ಲ, ಇಲ್ಲಿನ ನ್ಯಾಯಾಲಯಗಳು ಅದನ್ನು ಅನುಸರಿಸಬೇಕಾಗಿಯೂ ಇಲ್ಲ. ಆದರೂ ಬದುಕಿರುವ ಸದಸ್ಯರಿಗೇ ಇಷ್ಟು ಕಷ್ಟವಾದರೆ ತೀರಿಕೊಂಡವರ ಪರವಾಗಿ ಕೇಳುವ ಮನೆಯವರ ಸ್ಥಿತಿ ಏನಾಗಬಹುದು ಎಂಬುದನ್ನು ಅದು ತೋರಿಸುತ್ತದೆ.

ಪಾಯಿಂಟ್ ಕೊಟ್ಟ ಕಂಪನಿಯೇ ಇಲ್ಲವಾಗುವುದೂ ಉಂಟು. ಬೆಂಗಳೂರು ಮೂಲದ ವಿಮಾನ ಸಂಸ್ಥೆ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಕಿಂಗ್ ಕ್ಲಬ್ ಸದಸ್ಯರು ಕೂಡಿಟ್ಟದ್ದಕ್ಕೆ ಬೆಲೆ ಇಲ್ಲದಾಯಿತು. ವಿಸ್ತಾರಾ 2024ರ ನವೆಂಬರಿನಲ್ಲಿ ಏರ್ ಇಂಡಿಯಾದೊಂದಿಗೆ ವಿಲೀನವಾದಾಗ ಅದರ ಪಾಯಿಂಟ್‌ಗಳು ಏರ್ ಇಂಡಿಯಾದ ಫ್ಲೈಯಿಂಗ್ ರಿಟರ್ನ್ಸ್ ಯೋಜನೆಗೆ ಹೋದವು. 2025ರಲ್ಲಿ ಆ ಯೋಜನೆಯ ಹೆಸರೇ ಮಹಾರಾಜಾ ಕ್ಲಬ್ ಎಂದಾಯಿತು. ಅಪ್ಪ ತಮ್ಮ ಡೈರಿಯಲ್ಲಿ ‘ಕ್ಲಬ್ ವಿಸ್ತಾರಾ’ ಎಂದು ಬರೆದಿಟ್ಟಿದ್ದರೆ ಮಗಳು ಇಂದು ಆ ಹೆಸರಿನಲ್ಲಿ ಏನನ್ನು ಹುಡುಕಿಯಾಳು? ಬ್ಯಾಂಕ್ ಠೇವಣಿಯ ಮಾತು ಬೇರೆ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ, ಅಲ್ಲಿಂದಲೂ ವಾರಸುದಾರರು ಅದನ್ನು ಮರಳಿ ಪಡೆಯಬಹುದು, ಹುಡುಕಲು 2023ರಿಂದ ಉದ್ಗಮ್ ಎಂಬ ಪೋರ್ಟಲ್ ಕೂಡ ಇದೆ. ಪಾಯಿಂಟ್‌ಗಳಿಗೆ ಅಂಥ ನಿಧಿಯೂ ಇಲ್ಲ, ಹುಡುಕುವ ಜಾಗವೂ ಇಲ್ಲ. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್ ಮೂರು ವರ್ಷಕ್ಕೆ ಅವಧಿ ಮುಗಿದು ಹೋಗುತ್ತವೆ. ಅವು ಯಾರನ್ನೂ ಕಾಯುವುದಿಲ್ಲ.

ನಾಮಿನಿಯ ಬಗ್ಗೆ ಒಂದು ಗೊಂದಲವನ್ನು ಇಲ್ಲೇ ನಿವಾರಿಸಬೇಕು. ಬ್ಯಾಂಕ್ ಖಾತೆಗೆ ಈಗ ನಾಲ್ವರನ್ನು ನಾಮಿನಿಯಾಗಿ ಹೆಸರಿಸಬಹುದು. 2025ರ ನವೆಂಬರ್ 1ರಿಂದ ಈ ಬದಲಾವಣೆ ಜಾರಿಯಲ್ಲಿದೆ. ಹಾಗಿದ್ದರೂ ನಾಮಿನಿ ಎಂದರೆ ಹಣವನ್ನು ಪಡೆದು ವಾರಸುದಾರರಿಗೆ ತಲುಪಿಸಬೇಕಾದವರು. ನಾಮಿನಿಯಾದ ಮಾತ್ರಕ್ಕೆ ಅವರು ಒಡೆಯರಾಗುವುದಿಲ್ಲ. ಜೀವವಿಮೆಯ ವಿಷಯದಲ್ಲಿ 1984ರ ಸರ್ಬತಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೆಂದು ಹೇಳಿತು, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರಿನಲ್ಲಿ ಇದೇ ನಿಲುವನ್ನು ತಾಳಿತು. ವಿಮಾನ ಕಂಪನಿಗಳ ಖಾತೆಯಲ್ಲಿ ಕಾಣುವ ನಾಮಿನಿ ಹೀಗೆ ಪಡೆದು ತಲುಪಿಸುವವರೂ ಅಲ್ಲ, ಒಡೆಯರೂ ಅಲ್ಲ. ಸದಸ್ಯರು ತಮ್ಮ ಮೈಲ್ಸ್ ಬಳಸಿ ಯಾರ ಹೆಸರಿಗೆ ಟಿಕೆಟ್ ಮಾಡಿಸಬಹುದು ಎಂಬ ಪಟ್ಟಿ ಮಾತ್ರ ಅದು. ಕ್ರಿಸ್‌ಫ್ಲೈಯರ್‌ನಲ್ಲಿ ಹೀಗೆ ಐವರನ್ನು ಹೆಸರಿಸಬಹುದು. ಸದಸ್ಯರು ತೀರಿಕೊಂಡ ಮೇಲೆ ಆ ಪಟ್ಟಿಯಲ್ಲಿರುವವರಿಗೆ ಮೈಲ್ಸ್ ತಾನಾಗಿ ಹೋಗುವುದಿಲ್ಲ. ಖಾತೆಯಲ್ಲಿ ಹೆಂಡತಿಯ ಹೆಸರು ನಾಮಿನಿಯಾಗಿ ಇದೆ ಎಂದು ನೆಮ್ಮದಿಯಿಂದ ಇರುವವರು ಬಹಳ ಮಂದಿ. ಅವರು ಇದನ್ನು ದಯವಿಟ್ಟು ಗಮನಿಸಬೇಕು.

ಹಾಗಾದರೆ ಮಾಡಬೇಕಾದದ್ದೇನು? ಆ ನಾಮಿನಿ ಪಟ್ಟಿಯನ್ನು ಅದರ ನಿಜವಾದ ಉದ್ದೇಶಕ್ಕೆ ಈಗಲೇ ಬಳಸುವುದು. ನಿಮ್ಮ ಮೈಲ್ಸ್‌ನಿಂದ ಮಗನಿಗೋ ಸೊಸೆಗೋ ಮೊಮ್ಮಗಳಿಗೋ ಟಿಕೆಟ್ ಮಾಡಿಸಿಕೊಟ್ಟರೆ ಅದು ಯಾರೂ ಪ್ರಶ್ನಿಸಲಾಗದ ಕೊಡುಗೆ. ಅಜ್ಜಿಯ ಮೈಲ್ಸ್‌ನಲ್ಲಿ ಮೊಮ್ಮಗಳು ದೀಪಾವಳಿಗೆ ಊರಿಗೆ ಬರುವುದಾದರೆ ಅಜ್ಜಿ ಅದನ್ನು ಕಣ್ಣಾರೆ ನೋಡುತ್ತಾರೆ. ಅವರ ಕಾಲಾನಂತರ ಮನೆಯವರು ಪತ್ರವ್ಯವಹಾರ ಮಾಡಿ ಅಷ್ಟೇ ಮೈಲ್ಸ್ ಪಡೆದರೂ ಆ ಸಂತೋಷ ಅವರಿಗೆ ಸಿಗುವುದಿಲ್ಲ. ಎರಡನೆಯ ದಾರಿ ಕುಟುಂಬದ ಒಟ್ಟು ಖಾತೆ. ಎಮಿರೇಟ್ಸ್, ಕತಾರ್, ಬ್ರಿಟಿಷ್ ಏರ್‌ವೇಸ್ ಮುಂತಾದ ಸಂಸ್ಥೆಗಳಲ್ಲಿ ಮನೆಮಂದಿಯ ಗಳಿಕೆಯನ್ನು ಒಂದೆಡೆ ಸೇರಿಸುವ ಸೌಲಭ್ಯವಿದೆ. ಒಟ್ಟು ಖಾತೆಯ ಮುಖ್ಯಸ್ಥರಾಗಿ ಮನೆಯ ಹಿರಿಯರ ಬದಲು ಮಧ್ಯವಯಸ್ಸಿನವರೊಬ್ಬರು ಇರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಮುಖ್ಯಸ್ಥರ ಖಾತೆ ನಿಂತರೆ ಎಲ್ಲರ ಗಳಿಕೆಯೂ ತೊಡಕಿಗೆ ಸಿಕ್ಕೀತು. ಹಣ ಕಟ್ಟಿ ಇನ್ನೊಬ್ಬರ ಖಾತೆಗೆ ವರ್ಗಾಯಿಸುವ ಸೌಲಭ್ಯವನ್ನೂ ಕೆಲವು ಕಂಪನಿಗಳು ಕೊಡುತ್ತವೆ, ಆದರೆ ಶುಲ್ಕವನ್ನೂ ಮೈಲ್ಸ್‌ನ ಬೆಲೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿಯೇ ತೀರ್ಮಾನಿಸಬೇಕು. ಕಾರ್ಡಿನ ಪಾಯಿಂಟನ್ನು ವಿಮಾನದ ಮೈಲ್ಸ್‌ಗೆ ಒಮ್ಮೆ ಬದಲಿಸಿದರೆ ಹಿಂದಕ್ಕೆ ತರಲು ಬರುವುದಿಲ್ಲ. ಪ್ರಯಾಣ ಗೊತ್ತಾಗದೆ ಬದಲಿಸುವುದು ಬೇಡ. ಎಂಬತ್ತರ ಆಸುಪಾಸಿನಲ್ಲಿರುವವರು, ಇನ್ನು ದೂರ ಪ್ರಯಾಣ ಮಾಡುವುದಿಲ್ಲ ಎಂದು ತೀರ್ಮಾನಿಸಿದವರು, ಕಾರ್ಡಿನ ಪಾಯಿಂಟನ್ನು ಕಡಿಮೆ ಬೆಲೆಗಾದರೂ ಬಿಲ್ಲಿಗೆ ವಜಾ ಮಾಡಿಸಿಕೊಳ್ಳುವುದೇ ಲೇಸು. 30 ಪೈಸೆ ಕಡಿಮೆಯೇ ಇರಬಹುದು, ಆದರೆ ರದ್ದಾದ ಪಾಯಿಂಟಿಗೆ ಅಷ್ಟೂ ಇಲ್ಲ.

ಇಷ್ಟಾದ ಮೇಲೂ ಉಳಿಯುವ ಶಿಲ್ಕಿಗೆ ಒಂದು ಪಟ್ಟಿ ಬೇಕು. ಯೋಜನೆಯ ಹೆಸರು, ಸದಸ್ಯತ್ವ ಸಂಖ್ಯೆ, ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಮತ್ತು ಇಮೇಲ್, ಸುಮಾರು ಎಷ್ಟು ಶಿಲ್ಕು, ಅವಧಿ ಯಾವಾಗ ಮುಗಿಯುತ್ತದೆ, ಸಹಾಯವಾಣಿ ಯಾವುದು: ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಉಯಿಲಿನ ಜೊತೆಗಿಡಿ, ಉಯಿಲಿನ ಒಳಗೆ ಬರೆಯಬೇಡಿ. ಇದಕ್ಕೆ ಕಾರಣವಿದೆ. ಉಯಿಲನ್ನು ನೋಂದಾಯಿಸುವುದು ಕಡ್ಡಾಯವಲ್ಲ. ಆದರೂ ನಮ್ಮಲ್ಲಿ ಅನೇಕರು ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ನೋಂದಾಯಿಸುತ್ತಾರೆ, ಅದು ಒಳ್ಳೆಯದೂ ಹೌದು. ನೋಂದಣಿ ಅಧಿನಿಯಮ, 1908ರ 57ನೆಯ ಕಲಂ ಪ್ರಕಾರ ಬರೆದವರು ಬದುಕಿರುವವರೆಗೆ ನೋಂದಾಯಿತ ಉಯಿಲಿನ ನಕಲು ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ಸಿಗುತ್ತದೆ. ಅವರ ಮರಣಾನಂತರ ಅರ್ಜಿ ಹಾಕಿದ ಯಾರಿಗೆ ಬೇಕಾದರೂ ಸಿಗುತ್ತದೆ. ಖಾತೆಯ ಸಂಖ್ಯೆ, ಪಾಸ್‌ವರ್ಡ್‌ಗಳನ್ನು ಅಂಥ ಕಾಗದದಲ್ಲಿ ಬರೆಯುವುದು ಸರಿಯಲ್ಲ. ಪ್ರತ್ಯೇಕ ಹಾಳೆಯಾದರೆ ಶಿಲ್ಕು ಬದಲಾದಾಗಲೆಲ್ಲ ತಿದ್ದಬಹುದು, ಸಾಕ್ಷಿಗಳನ್ನು ಮತ್ತೆ ಕರೆಸಬೇಕಾಗಿಲ್ಲ. ಉಯಿಲು ಮಾತ್ರ ಕಾಗದದ ಮೇಲೆಯೇ ಇರಬೇಕು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಮೊದಲನೆಯ ಅನುಸೂಚಿ ಉಯಿಲನ್ನು ಆ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಮೊಬೈಲಿನಲ್ಲಿ ಬರೆದು ಡಿಜಿಟಲ್ ರುಜು ಹಾಕಿದ್ದು, ವಾಟ್ಸಾಪಿನಲ್ಲಿ ಕಳಿಸಿದ್ದು ಉಯಿಲಾಗುವುದಿಲ್ಲ. ನಿಮ್ಮ ರುಜು, ಇಬ್ಬರು ಸಾಕ್ಷಿಗಳ ರುಜು ಬೇಕೇ ಬೇಕು.

ಉಯಿಲಿನಲ್ಲಿ ಎಷ್ಟು ಬರೆಯಬೇಕು ಎಂದು ಕೇಳುವವರಿಗೆ ನಾನು ಸೂಚಿಸುವ ಒಕ್ಕಣೆ ಹೀಗಿದೆ: ‘ನನ್ನ ಹೆಸರಿನಲ್ಲಿರುವ ವಿಮಾನಯಾನ, ಹೋಟೆಲ್, ಕ್ರೆಡಿಟ್ ಕಾರ್ಡ್ ಹಾಗೂ ಇತರ ಯಾವುದೇ ಯೋಜನೆಯ ಮೈಲ್ಸ್, ಪಾಯಿಂಟ್ ಮತ್ತು ಸೌಲಭ್ಯಗಳನ್ನು, ಆಯಾ ಯೋಜನೆಯ ನಿಯಮಗಳು ಅನುಮತಿಸುವಷ್ಟರ ಮಟ್ಟಿಗೆ, ನನ್ನ ಮಗಳಾದ ಇಂಥವರಿಗೆ ಕೊಟ್ಟಿದ್ದೇನೆ. ಇವುಗಳ ಬಗ್ಗೆ ಆಯಾ ಸಂಸ್ಥೆಗಳಿಂದ ಮಾಹಿತಿ ಪಡೆಯುವ, ಅವುಗಳನ್ನು ವರ್ಗಾಯಿಸಿಕೊಡುವಂತೆ ಅಥವಾ ನನ್ನ ಬಾಕಿಗೆ ವಜಾ ಮಾಡುವಂತೆ ಕೋರುವ, ಮತ್ತು ಖಾತೆಗಳನ್ನು ಮುಚ್ಚಿಸುವ ಅಧಿಕಾರ ಈ ಉಯಿಲಿನ ನಿರ್ವಾಹಕರಿಗೆ ಇರುತ್ತದೆ.’ ಇಲ್ಲಿ ಒಬ್ಬರ ಹೆಸರನ್ನೇ ಬರೆಯಬೇಕು ಎಂಬುದು ನನ್ನ ಸಲಹೆ. ವರ್ಗಾಯಿಸುವ ಕಂಪನಿಗಳೂ ಸಾಮಾನ್ಯವಾಗಿ ಒಬ್ಬ ಸದಸ್ಯರ ಖಾತೆಗೆ ವರ್ಗಾಯಿಸುತ್ತವೆ. ಮೂವರು ಮಕ್ಕಳಿಗೆ ಸಮಪಾಲು ಎಂದು ಬರೆದರೆ ಕೊಡಲು ಒಪ್ಪಿದ ಕಂಪನಿಯೂ ಹಿಂದೆ ಸರಿಯಬಹುದು. ಸಮಾನತೆ ಬೇಕೆಂದರೆ ಉಳಿದವರಿಗೆ ಬೇರೆ ಬಾಬತ್ತಿನಲ್ಲಿ ಸರಿದೂಗಿಸಿ. ಉಯಿಲೇ ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ ಪ್ರಕಾರ ಗಂಡಸಿನ ಸ್ವತ್ತು ಹೆಂಡತಿ, ಮಕ್ಕಳು ಮತ್ತು ತಾಯಿಗೆ ಹೋಗುತ್ತದೆ. ಕೆಲಸದ ಮೇಲೆ ದೇಶ ಸುತ್ತುವ ಮೂವತ್ತೈದರ ಮಗನಿಗೂ ಉಯಿಲು ಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ದುಃಖದ ಮನೆಯಲ್ಲಿ ಅತ್ತೆ ಸೊಸೆಯರು ಕೂತು ಕಾಗದಪತ್ರಕ್ಕೆ ಒಪ್ಪಿಗೆಯ ರುಜು ಹಾಕಬೇಕಾದ ಸಂದರ್ಭವನ್ನು ಒಂದು ಪುಟದ ಉಯಿಲು ತಪ್ಪಿಸುತ್ತದೆ.

ಇನ್ನು ಮನೆಯವರ ಪಾಲಿನ ಕೆಲಸ. ಮರಣವಾದ ಮೊದಲ ವಾರಗಳಲ್ಲಿ ನಾವು ಒಳ್ಳೆಯ ಉದ್ದೇಶದಿಂದಲೇ ಎರಡು ಅವಸರದ ಕೆಲಸ ಮಾಡುತ್ತೇವೆ. ಅಪ್ಪನ ಮೊಬೈಲ್ ಸಂಖ್ಯೆಯನ್ನು ಇನ್ನು ಏಕೆ ಎಂದು ನಿಲ್ಲಿಸುತ್ತೇವೆ, ಕಾರ್ಡನ್ನು ಮುಚ್ಚಿಸುತ್ತೇವೆ. ಎರಡನ್ನೂ ಸ್ವಲ್ಪ ತಡೆಯಬೇಕು. ಆ ಸಂಖ್ಯೆಗೇ ಬ್ಯಾಂಕಿನ, ವಿಮೆಯ, ವಿಮಾನ ಕಂಪನಿಯ ಸಂದೇಶಗಳೆಲ್ಲ ಬರುತ್ತಿರುತ್ತವೆ. ಅದರಿಂದಲೇ ಎಷ್ಟೋ ಖಾತೆಗಳು ಇದ್ದವೆಂಬುದು ಮನೆಗೆ ತಿಳಿಯುತ್ತದೆ. ನಿಲ್ಲಿಸಿದ ಸಂಖ್ಯೆಯನ್ನು 90 ದಿನಗಳ ನಂತರ ಇನ್ನಾರಿಗೋ ಕೊಡಬಹುದು. ಬದಲಿಗೆ ಮರಣ ಪ್ರಮಾಣಪತ್ರ ಕೊಟ್ಟು ಆ ಸಂಖ್ಯೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು ಅವಕಾಶವಿದೆ. ಕಾರ್ಡಿನ ವಿಷಯದಲ್ಲಿ ಬ್ಯಾಂಕಿಗೆ ಮರಣದ ಸುದ್ದಿ ತಿಳಿಸುವುದನ್ನು ತಡಮಾಡಬಾರದು, ಹೊಸ ಖರ್ಚು ಆಗದಂತೆ ತಡೆ ಹಾಕಿಸಲೇಬೇಕು. ಆದರೆ ಖಾತೆ ಮುಚ್ಚಿ ಎಂದು ಬರೆಯುವ ಮೊದಲು, ಉಳಿದ ಪಾಯಿಂಟನ್ನು ಬಾಕಿಗೆ ವಜಾ ಮಾಡಿ ಎಂದು ಲಿಖಿತವಾಗಿ ಕೇಳಿ, ಉತ್ತರ ಪಡೆಯಿರಿ. ಗಂಡನ ಕಾರ್ಡಿನ ಮೇಲೆ ಹೆಂಡತಿಗೆ ಕೊಟ್ಟ ಆಡ್-ಆನ್ ಕಾರ್ಡನ್ನು ಅಂದಿನಿಂದ ಬಳಸಬೇಡಿ. ಮೂಲ ಕಾರ್ಡುದಾರರು ಇಲ್ಲದ ಮೇಲೆ ಅದಕ್ಕೂ ಆಧಾರವಿರುವುದಿಲ್ಲ.

ಕಂಪನಿಗಳು ಕೇಳುವ ಕಾಗದಗಳು ಮರಣ ಪ್ರಮಾಣಪತ್ರ, ಉಯಿಲಿನ ನಕಲು ಅಥವಾ ವಾರಸುದಾರಿಕೆಯ ದಾಖಲೆ, ಪಡೆಯುವವರ ಗುರುತಿನ ಪತ್ರ ಮತ್ತು ಅವರ ಸದಸ್ಯತ್ವ ಸಂಖ್ಯೆ. ನಾಡಕಚೇರಿಯಿಂದ ಪಡೆದ ವಂಶವೃಕ್ಷ ಕನ್ನಡದಲ್ಲಿದ್ದರೆ ವಿದೇಶಿ ಕಂಪನಿಗೆ ಕಳಿಸುವಾಗ ಇಂಗ್ಲಿಷ್ ಅನುವಾದಕ್ಕೆ ನೋಟರಿಯ ಮೊಹರು ಹಾಕಿಸಬೇಕಾಗುತ್ತದೆ. ಸಿವಿಲ್ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕೆಂದು ಯಾರಾದರೂ ಕೇಳಿದರೆ, ಬರೀ ಪಾಯಿಂಟಿಗಾಗಿ ಆ ಖರ್ಚಿಗೆ ಇಳಿಯಬೇಡಿ. ಬೇರೆ ಠೇವಣಿ, ಷೇರುಗಳಿಗಾಗಿ ಹೇಗೂ ಪಡೆಯುತ್ತಿದ್ದರೆ ಮಾತ್ರ ಅದರ ನಕಲನ್ನು ಕೊಡಿ. ಬಳಸದೆ ಉಳಿದ ವಿಮಾನ ಟಿಕೆಟ್ ಇದ್ದರೆ ಅದನ್ನೂ ಮರೆಯಬೇಡಿ. ಹಣ ಹಿಂದಿರುಗಿಸುವುದಿಲ್ಲ ಎಂದು ಬರೆದ ಟಿಕೆಟ್ಟಿನಲ್ಲೂ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ಹಿಂದಿರುಗಿಸಬೇಕೆಂಬ ನಿಯಮ ನಮ್ಮಲ್ಲಿದೆ.

ಪಾಯಿಂಟ್‌ಗಿಂತಲೂ ದೊಡ್ಡದಾದ ಒಂದು ಹಕ್ಕು ಇದೇ ಕಾರ್ಡು, ಇದೇ ಟಿಕೆಟ್ಟುಗಳ ಜೊತೆ ಬಂದಿರುತ್ತದೆ. ಕೆಲವು ಕ್ರೆಡಿಟ್ ಕಾರ್ಡುಗಳಿಗೆ ವಿಮಾನ ಅಪಘಾತದ ವಿಮೆ ಉಚಿತವಾಗಿ ಸೇರಿರುತ್ತದೆ. ಜನಧನ ಖಾತೆಯ ರುಪೇ ಕಾರ್ಡಿಗೆ, ಖಾತೆ 2018ರ ಆಗಸ್ಟ್ 28ರ ನಂತರ ತೆರೆದದ್ದಾದರೆ, 2 ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ. ಅಪಘಾತಕ್ಕೆ ಮುಂಚಿನ 90 ದಿನಗಳಲ್ಲಿ ಕಾರ್ಡನ್ನು ಒಮ್ಮೆಯಾದರೂ ಬಳಸಿರಬೇಕು. ಐಆರ್‌ಸಿಟಿಸಿಯಲ್ಲಿ ರೈಲು ಟಿಕೆಟ್ ಮಾಡಿಸುವಾಗ 45 ಪೈಸೆಗೆ ಸಿಗುವ ಪ್ರಯಾಣ ವಿಮೆಯಲ್ಲಿ ಮರಣಕ್ಕೆ 10 ಲಕ್ಷ ರೂಪಾಯಿ ಪರಿಹಾರವಿದೆ. ಆ ವಿಮೆ ಪಡೆದ ಮೇಲೆ ನಾಮಿನಿಯ ವಿವರ ತುಂಬಲು ವಿಮಾ ಕಂಪನಿಯಿಂದ ಒಂದು ಸಂದೇಶ ಬರುತ್ತದೆ. ನಾವು ಅದನ್ನು ತೆರೆಯದೆ ಅಳಿಸಿಬಿಡುತ್ತೇವೆ. ಒಂದು ನಿಮಿಷ ಕೊಟ್ಟು ತುಂಬಿ. ಪಟ್ಟಿಯ ಹಾಳೆಯಲ್ಲಿ ಪ್ರತಿ ಕಾರ್ಡಿನ ಮುಂದೆ ವಿಮೆ ಇದೆಯೇ ಇಲ್ಲವೇ ಎಂದು ಬರೆದಿಡಿ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿ 2015ರಲ್ಲಿ ರೂಪಿಸಿದ ಡಿಜಿಟಲ್ ಸ್ವತ್ತುಗಳ ಮಾದರಿ ಕಾನೂನನ್ನು ಹೆಚ್ಚಿನ ರಾಜ್ಯಗಳು ಅಳವಡಿಸಿಕೊಂಡಿವೆ. ಅದರ ಪ್ರಕಾರ ಕಂಪನಿ ತಾನೇ ಒದಗಿಸಿದ ಆನ್‌ಲೈನ್ ಸಾಧನದಲ್ಲಿ ನೀವು ಸೂಚಿಸಿದ್ದಕ್ಕೆ ಮೊದಲ ಸ್ಥಾನ, ಉಯಿಲಿನಲ್ಲಿ ಬರೆದದ್ದಕ್ಕೆ ಎರಡನೆಯದು, ಎರಡೂ ಇಲ್ಲದಿದ್ದರೆ ಕಂಪನಿಯ ಷರತ್ತು. ಗೂಗಲ್‌ನ ನಿಷ್ಕ್ರಿಯ ಖಾತೆಯ ವ್ಯವಸ್ಥೆ, ಆಪಲ್‌ನ ಲೆಗಸಿ ಕಾಂಟ್ಯಾಕ್ಟ್ ಇಂಥ ಸಾಧನಗಳೇ, ಮತ್ತು ಅವು ಇಲ್ಲಿರುವ ನಮಗೂ ಸಿಗುತ್ತವೆ. ಪಾಯಿಂಟ್‌ಗಳ ಲೆಕ್ಕವೆಲ್ಲ ಇಮೇಲ್‌ನಲ್ಲೇ ಇರುವುದರಿಂದ ಇವನ್ನು ತುಂಬಿಡುವುದು ಅರ್ಧ ಕೆಲಸ ಮುಗಿಸಿದಂತೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಇನ್ನೂ ಸಾಕಷ್ಟು ಮುಂದೆ ಬಂದಿಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ 14ನೆಯ ಕಲಂ, ನಮ್ಮ ಮರಣಾನಂತರ ನಮ್ಮ ದತ್ತಾಂಶದ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ಹೆಸರಿಸುವ ಹಕ್ಕನ್ನು ಕೊಟ್ಟಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಲಂಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಆ ಹಕ್ಕಿನಿಂದ ಅಪ್ಪನ ಖಾತೆಯಲ್ಲಿ ಏನಿದೆ ಎಂದು ಕೇಳಬಹುದಾದೀತು, ಆದರೆ ಇರುವುದನ್ನು ಕೊಡಿ ಎನ್ನಲು ಅದು ಸಾಲದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಲ್ಲಿ ತೀರಿಕೊಂಡ ಗ್ರಾಹಕರ ವಾರಸುದಾರರೂ ದೂರು ಕೊಡಬಹುದು. ಅನ್ಯಾಯದ ಕರಾರನ್ನು ಪ್ರಶ್ನಿಸಲೂ ಅಲ್ಲಿ ಅವಕಾಶವಿದೆ. ಕೊಡುತ್ತೇವೆಂದು ತಮ್ಮದೇ ನಿಯಮದಲ್ಲಿ ಬರೆದುಕೊಂಡು ಆಮೇಲೆ ಸತಾಯಿಸುವ ಕಂಪನಿಯ ವಿರುದ್ಧ ಈ ದಾರಿ ಉಪಯುಕ್ತ. ಬ್ಯಾಂಕ್ ಖಾತೆಗೆ ನಾಮಿನಿ ಇರುವಂತೆ ಕಾರ್ಡಿನ ಪಾಯಿಂಟಿಗೂ ಒಬ್ಬರ ಹೆಸರನ್ನು ಅರ್ಜಿಯಲ್ಲೇ ಕೇಳಿ ಪಡೆಯುವಂತೆ ಆಗಬೇಕು. ಅದು ಬ್ಯಾಂಕುಗಳಿಗೆ ಹೊರೆಯ ಕೆಲಸವಲ್ಲ. ಗಿರಾಕಿಗಳ ಸಂಘಗಳು ಇದನ್ನು ಕೇಳಬೇಕು.

ಮಾತು ಮುಗಿದ ಮೇಲೆ ಸಭೆಯಲ್ಲಿ ಎರಡು ಪ್ರಶ್ನೆಗಳು ಬಂದವು. ರಜಾಕ್ಲಬ್ಬಿನ, ಅಂದರೆ ಹಣ ಕಟ್ಟಿ ಸದಸ್ಯರಾಗಿ ವರ್ಷಕ್ಕೆ ಇಷ್ಟು ದಿನ ರೆಸಾರ್ಟಿನಲ್ಲಿ ತಂಗುವ ಯೋಜನೆಯ, ಸದಸ್ಯತ್ವದ ಬಗ್ಗೆ ಒಬ್ಬರು ಕೇಳಿದರು. ಅದು ಪಾಯಿಂಟ್‌ಗಿಂತ ಭಿನ್ನ, ಏಕೆಂದರೆ ಅದರ ಜೊತೆ ವಾರ್ಷಿಕ ನಿರ್ವಹಣಾ ಶುಲ್ಕದ ಹೊಣೆಯೂ ಬರುತ್ತದೆ. ಮಕ್ಕಳಿಗೆ ಅದು ಬೇಕೇ ಎಂದು ಈಗಲೇ ಕೇಳಿ. ಬೇಡವೆಂದರೆ ಬದುಕಿರುವಾಗಲೇ ಅದರಿಂದ ಹೊರಬರುವ ದಾರಿಯನ್ನು ಕರಾರುಪತ್ರದಲ್ಲಿ ನೋಡಿ. ಉಯಿಲಿನಲ್ಲಿ ಕೊಟ್ಟದ್ದನ್ನು ಪಡೆಯಲೇಬೇಕೆಂಬ ಬಲವಂತ ಯಾರಿಗೂ ಇಲ್ಲ ಎಂಬುದನ್ನೂ ಮಕ್ಕಳಿಗೆ ತಿಳಿಸಿಡಿ.

ಎರಡನೆಯದು ತಾಯಿಯೊಬ್ಬರ ಪ್ರಶ್ನೆ. ಯಜಮಾನರ ಪಾಸ್‌ವರ್ಡ್ ನನಗೆ ಗೊತ್ತಿದೆ, ಅವರ ಕಾಲಾನಂತರ ನಾನೇ ಒಳಗೆ ಹೋಗಿ ಟಿಕೆಟ್ ಮಾಡಿಕೊಂಡರೆ ತಪ್ಪೇನು, ಎಂದು ಅವರು ಕೇಳಿದರು. ಹಾಗೆ ಮಾಡುವವರು ಅನೇಕರಿದ್ದಾರೆ. ಆದರೆ ತೀರಿಕೊಂಡವರ ಹೆಸರಿನಲ್ಲಿ ಖಾತೆ ಬಳಸುವುದು ಯೋಜನೆಯ ಷರತ್ತಿಗೆ ವಿರುದ್ಧ. ಅನುಮತಿಯಿಲ್ಲದ ಪ್ರವೇಶವನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಒಪ್ಪುವುದಿಲ್ಲ. ಕಂಪನಿಗೆ ಗೊತ್ತಾದರೆ ಟಿಕೆಟ್ ರದ್ದಾಗಿ ಪ್ರಯಾಣದ ದಿನ ನಿಲ್ದಾಣದಲ್ಲಿ ನಿಲ್ಲಬೇಕಾದೀತು. ಅಮ್ಮಾ, ಯಜಮಾನರು ಚೆನ್ನಾಗಿದ್ದಾರೆ ಎಂದಿರಿ. ಇವತ್ತು ಸಂಜೆಯೇ ಇಬ್ಬರೂ ಜೊತೆಗೆ ಕುಳಿತು ಆ ಖಾತೆಯನ್ನು ತೆರೆದು, ಅವರ ಕೈಯಿಂದಲೇ ನಿಮ್ಮ ಹೆಸರಿಗೆ ಟಿಕೆಟ್ ಮಾಡಿಸಿಕೊಳ್ಳಿ ಎಂದು ನಾನು ಅವರಿಗೆ ಹೇಳಿದೆ.